ಕಾಂಪೌಂಡಿನ ಹೊರಗೆ ನಿಂತು ಶಾಲೆ ಕೇಳಿದ್ದು

ನನಗೊಂದು ವಿಚಿತ್ರ ಅಭ್ಯಾಸವಿದೆ. ದಾರಿಯಲ್ಲಿ ಯಾವ ಶಾಲೆ ಎದುರಾದರೂ ನಿಂತುಬಿಡುತ್ತೇನೆ. ಒಳಗೆ ಹೋಗುವುದಿಲ್ಲ, ಗೇಟಿನಲ್ಲಿ ಇಣುಕುವುದೂ ಇಲ್ಲ. ಕಾಂಪೌಂಡಿನ ಹೊರಗೆ ನಿಂತು ಕಿವಿಗೊಟ್ಟು ಕೇಳುತ್ತೇನೆ, ಅಷ್ಟೆ. ಸ್ಕೂಟರಿನ ಹಿಂದೆ ಕೂತಿದ್ದರೆ ನಮ್ಮವರ ಬೆನ್ನು ತಟ್ಟಿ ನಿಲ್ಲಿಸುತ್ತೇನೆ. ಮೊದಮೊದಲು ಅವರು ಯಾರೋ ನೆಂಟರು ಕಂಡರೇನೋ ಎಂದು ಇಳಿದು ಶರ್ಟು ಸರಿಮಾಡಿಕೊಳ್ಳುತ್ತಿದ್ದರು. ಈಗ ಇಂಜಿನ್ ಕೂಡ ಆರಿಸುವುದಿಲ್ಲ. ಮೊನ್ನೆ ಕೋಲಾರಕ್ಕೆ ಮದುವೆಗೆ ಹೋಗುವಾಗ ರೇಷ್ಮೆ ಸೀರೆಯಲ್ಲೇ ಒಂದು ಶಾಲೆಯ ಗೋಡೆಗೆ ಕಿವಿಯಿಟ್ಟು ನಿಂತಿದ್ದೆ. ಕಾವಲಿನವನು ಬಂದು ಯಾರಮ್ಮ ನೀವು, ಏನು ಬೇಕು ಎಂದು ಕೇಳಿದ. ಏನೂ ಬೇಡಪ್ಪ, ನಿಮ್ಮ ಶಾಲೆ ಚೆನ್ನಾಗಿದೆ ಎಂದು ಹೇಳಿ ಬಂದೆ. ಅವನು ನಮ್ಮವರ ಮುಖವನ್ನು ಬಹಳ ಕನಿಕರದಿಂದ ನೋಡಿದ.

ನಿಮಗೂ ಇದು ಹುಚ್ಚು ಅನ್ನಿಸಬಹುದು. ಆದರೆ ಮಗಳನ್ನು ಯಾವ ಹೈಸ್ಕೂಲಿಗೆ ಹಾಕುವುದು ಎಂದು ತಲೆಕೆಡಿಸಿಕೊಂಡ ತಾಯಂದಿರು ನೀವಾಗಿದ್ದರೆ, ಒಂದಷ್ಟು ಹುಚ್ಚು ನಿಮಗೂ ಹಿಡಿದಿರುತ್ತದೆ. ಕೆಲವರು ಫಲಿತಾಂಶ ಕೇಳುತ್ತಾರೆ, ಕೆಲವರು ದೂರ ಅಳೆಯುತ್ತಾರೆ, ಕೆಲವರು ಪಕ್ಕದ ಮನೆಯವರು ಎಲ್ಲಿ ಹಾಕಿದರೆಂದು ನೋಡಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಹುಡುಕುತ್ತಾರೆ. ನಾನು ಗಲಾಟೆ ಹುಡುಕಿದೆ. ಯಾಕೆ ಎಂಬುದನ್ನು ಹೇಳಬೇಕಾದರೆ ನಮ್ಮ ಪವಿತ್ರಳ ಸುದ್ದಿ ಹೇಳಬೇಕು.

ಪವಿತ್ರ ನಮ್ಮ ಒಬ್ಬಳೇ ಮಗಳು. ಮನೆ ಕೆ.ಜಿ.ಎಫ್‌ನ ಊರಿಗಾಮಿನಲ್ಲಿ, ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಹಳೇ ಲೈನಿನಲ್ಲಿ. ನಾನು ಬಂಗಾರಪೇಟೆ ಕಡೆಯ ಹಳ್ಳಿಯವಳಾದ್ದರಿಂದ ಅವಳಿಗೆ ನನ್ನಿಂದ ಕನ್ನಡ ಬಂತು. ನಮ್ಮತ್ತೆ ಮಾತಾಡುವುದು ತೆಲುಗು, ಲೈನಿಗೆ ಲೈನೇ ಆಡುವುದು ತಮಿಳು. ಹಾಗಾಗಿ ಮಗು ಬಾಯಿಬಿಟ್ಟ ದಿನದಿಂದ ಮೂರನ್ನೂ ಒಂದೇ ತಟ್ಟೆಯಲ್ಲಿ ಕಲಸಿಕೊಂಡಿತ್ತು. ‘ಅವ್ವಕಿ ಚೆಪ್ಪಮ್ಮ, ಸಾರು ಕಾರ ಆಗದೆ, ತಣ್ಣಿ ಬೇಕು’ ಎನ್ನುತ್ತಿತ್ತು. ಅಜ್ಜಿಗೆ ಹೇಳು ಎಂಬುದು ತೆಲುಗು, ಖಾರವಾಗಿದೆ ಎಂಬುದು ಕನ್ನಡ, ನೀರಿಗೆ ತಣ್ಣಿ ಎಂಬುದು ತಮಿಳು. ನಮ್ಮಲ್ಲಿ ಯಾರಿಗೂ ಇದು ತಪ್ಪು ಅನ್ನಿಸಿರಲಿಲ್ಲ. ನೀರು ಕೇಳಿದ್ದು ಗೊತ್ತಾಗುತ್ತಿತ್ತು, ಕೊಡುತ್ತಿದ್ದೆವು.

ಈ ಮಗುವನ್ನು ಒಂದು ಇಂಗ್ಲಿಷ್ ಶಾಲೆಗೆ ಹಾಕಿದೆವು. ಶಾಲೆಯ ಹೆಸರು ಬೇಡ. ಅಲ್ಲಿ ಒಂದು ಮರದ ಬಿಲ್ಲೆ ಇತ್ತು. ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡಿದವರ ಕೈಗೆ ಅದು ಬರುತ್ತಿತ್ತು. ಅವರು ಬೇರೆ ಯಾರಾದರೂ ತಪ್ಪು ಮಾತಾಡುವುದನ್ನು ಹಿಡಿದು ಅದನ್ನು ಅವರಿಗೆ ದಾಟಿಸಬೇಕು. ಸಂಜೆ ಬಿಲ್ಲೆ ಯಾರ ಕೈಯಲ್ಲಿ ಉಳಿಯಿತೋ ಅವರು ಬಾಗಿಲ ಹೊರಗೆ ನಿಲ್ಲಬೇಕು. ನಮ್ಮ ಹುಡುಗಿಗೆ ಇನ್ನೊಬ್ಬರ ಮೇಲೆ ಚಾಡಿ ಹೇಳಲು ಬರುತ್ತಿರಲಿಲ್ಲ. ತನ್ನ ಬಾಯಿ ಕಟ್ಟಲೂ ಬರುತ್ತಿರಲಿಲ್ಲ. ಹೀಗಾಗಿ ಬಿಲ್ಲೆ ಅವಳ ಹತ್ತಿರವೇ ಮನೆ ಮಾಡಿಕೊಂಡಿತು. ಕೊನೆಗೆ ಅವಳೇ ಒಂದು ಉಪಾಯ ಕಂಡುಕೊಂಡಳು. ಮಾತಾಡುವುದನ್ನೇ ಬಿಟ್ಟಳು.

ಆಗ ನಮಗೇನು ಗೊತ್ತಾಯಿತೆಂದುಕೊಂಡಿರಿ? ಏನೂ ಇಲ್ಲ. ಬಹಳ ಶಿಸ್ತಿನ ಮಗು ಎಂದು ಶಾಲೆಯವರು ಬರೆದು ಕಳಿಸಿದರು. ನಾನು ಅದನ್ನು ರೈಲಿನಲ್ಲಿ ಎಲ್ಲರಿಗೂ ತೋರಿಸಿದೆ. ಬಂಗಾರಪೇಟೆಯ ಒಂದು ಸೊಸೈಟಿಯಲ್ಲಿ ನಾನು ಗುಮಾಸ್ತೆ. ದಿನಾ ಬೆಳಗ್ಗೆ ಊರಿಗಾಮಿನಲ್ಲಿ ಹತ್ತಿ ಬಂಗಾರಪೇಟೆಯಲ್ಲಿ ಇಳಿಯುತ್ತೇನೆ. ನಮ್ಮ ಬೋಗಿಯಲ್ಲಿ ಬೆಂಗಳೂರಿಗೆ ಹೋಗುವವರು, ಹೂ ತರುವವರು, ಸೊಪ್ಪು ಮಾರುವವರು, ನನ್ನಂಥ ಅರ್ಧ ದಾರಿಯವರು ಎಲ್ಲ ಇರುತ್ತೇವೆ. ಅವರಲ್ಲಿ ಹೂವಿನ ರತ್ನಮ್ಮ ಮಾತ್ರ, ಶಿಸ್ತು ಅಂದ್ರೆ ಮಾತಾಡಲ್ವಾ ಎಂದು ಕೇಳಿದರು. ಮಾತು ಕಡಿಮೆ ಅಂದೆ, ಹೆಮ್ಮೆಯಿಂದ. ಅವರು ಮತ್ತೆ ಹೂ ಕಟ್ಟತೊಡಗಿದರು.

ಒಂದು ಸಂಜೆ ಪವಿತ್ರ ಮನೆಗೆ ಬರಲಿಲ್ಲ. ಅವಳು ಬರುತ್ತಿದ್ದ ಪ್ರೈವೇಟ್ ಬಸ್ಸು ಬಂದು ಹೋಗಿತ್ತು. ಬಹಳ ಹೊತ್ತಾದ ಮೇಲೆ ಮಾರಿಕುಪ್ಪಂ ಕಡೆಯಿಂದ ಬ್ಯಾಗು ಹೊತ್ತು ನಡೆದುಕೊಂಡು ಬರುವುದು ಕಂಡಿತು. ಶೂಗಳೆಲ್ಲ ಸೈನೈಡ್ ಗುಡ್ಡದ ಬೂದಿ ಬಣ್ಣದ ಮಣ್ಣು. ಆ ಗುಡ್ಡಗಳು ನಮ್ಮೂರಿನವರಿಗೆ ಹೊಸದಲ್ಲ. ಗಣಿಯಿಂದ ಚಿನ್ನ ತೆಗೆದು ಉಳಿದ ಪುಡಿಯನ್ನು ಗುಡ್ಡೆ ಹಾಕಿ ಹೋದರು, ಗಾಳಿ ಬಂದಾಗಲೆಲ್ಲ ಅದು ನಮ್ಮ ಅನ್ನದ ಮೇಲೆ ಬಂದು ಕೂರುತ್ತದೆ. ಬಸ್ಸು ನಿಲ್ಲಿಸಲಿಲ್ಲವಾ ಎಂದು ಕೇಳಿದೆ. ನಮ್ಮಲ್ಲಿ ಬಸ್ಸು ತಾನಾಗಿ ನಿಲ್ಲುವುದಿಲ್ಲ, ಇಳಿಯುವವರು ‘ಓಲ್ಡಾನ್’ ಎಂದೋ, ನಿಲ್ಲಿಸು ಎಂದು ತಮ್ಮ ತಮ್ಮ ಮಾತಿನಲ್ಲೋ ಕೂಗಬೇಕು. ಅವಳು ಕೂಗಿರಲಿಲ್ಲ. ಯಾಕೆ ಎಂದು ಮತ್ತೆ ಮತ್ತೆ ಕೇಳಿದ ಮೇಲೆ ಬಾಯಿಬಿಟ್ಟಳು.

“ಯಾವ ಭಾಷೇಲಿ ಕೂಗ್ಬೇಕು ಅಂತ ಗೊತ್ತಾಗ್ಲಿಲ್ಲಮ್ಮ.”

ಬಿಲ್ಲೆಯ ಕತೆಯೆಲ್ಲ ಆಗ ಹೊರಬಂತು. ಮೂರು ಭಾಷೆ ಬಲ್ಲ ಹುಡುಗಿ ಒಂದು ಬಸ್ಸು ನಿಲ್ಲಿಸಲಾರದೆ ಕೊನೆಯ ಸ್ಟಾಪಿನವರೆಗೆ ಹೋಗಿ ಇಳಿದಿದ್ದಳು. ನಾನು ಆ ಸಂಜೆಯೇ ತೀರ್ಮಾನ ಮಾಡಿದೆ. ಎಂಟನೇ ಕ್ಲಾಸಿಗೆ ಇವಳನ್ನು ಸರ್ಕಾರಿ ಹೈಸ್ಕೂಲಿಗೆ ಹಾಕುತ್ತೇನೆ. ಇವಳು ಬಾಯಿಬಿಡುವಂಥ ಶಾಲೆ ಈ ಸುತ್ತಿನಲ್ಲಿ ಯಾವುದಿದೆಯೋ ಹುಡುಕುತ್ತೇನೆ. ಅಂಕ ಎಷ್ಟು ಬರುತ್ತದೋ ಬರಲಿ, ಮಗು ಮಾತಾಡಲಿ.

ನಮ್ಮವರು ಒಪ್ಪಿದರು. ಅವರು ಕಾರ್ಖಾನೆಯಲ್ಲಿ ವೆಲ್ಡರ್. ದಿನವಿಡೀ ಸದ್ದಿನಲ್ಲಿ ಇದ್ದು ಬರುವುದರಿಂದ ಮನೆಯಲ್ಲಿ ಏನು ಹೇಳಿದರೂ ಒಪ್ಪುತ್ತಾರೆ. ಒಪ್ಪದವನು ನಮ್ಮಣ್ಣ. ನಾರಾಯಣಣ್ಣ ಬಂಗಾರಪೇಟೆಯಲ್ಲಿ ಮೋಟಾರು ಪಂಪು ರಿಪೇರಿ ಅಂಗಡಿ ಇಟ್ಟಿದ್ದಾನೆ. ತನ್ನ ಊರಿನಲ್ಲಿ ಇರುವುದೆಲ್ಲ ಕೆ.ಜಿ.ಎಫ್‌ಗಿಂತ ಮೇಲು ಎಂಬುದು ಅವನ ನಂಬಿಕೆ. ನೀರು ಮೇಲು, ಸಂತೆ ಮೇಲು, ಪಾನಿಪೂರಿ ಅಂತೂ ಲೋಕದಲ್ಲೇ ಮೇಲು. ಈ ಪಾನಿಪೂರಿಯ ವಿಷಯದಲ್ಲಿ ನಾನೂ ಅವನ ಪಕ್ಷವೇ. ಆ ಬಿಳಿ ನೀರಿನಂಥ ಪಾನಿಯಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಗಂಟಲಿಗೆ ಇಳಿದ ಮೇಲೆ ಕಿವಿಯಲ್ಲಿ ಗೊತ್ತಾಗುತ್ತದೆ. ಆದರೆ ಮಗಳನ್ನು ಪಾನಿಪೂರಿಗೆ ಸೇರಿಸಲಾಗುವುದಿಲ್ಲವಲ್ಲ.

ನಾನೂ ಅಣ್ಣನೂ ಓದಿದ್ದು ಬಂಗಾರಪೇಟೆಯ ಸರ್ಕಾರಿ ಹೈಸ್ಕೂಲಿನಲ್ಲೇ. ಆಗ ಅದು ರೈಲು ಹಳಿಗೆ ಅಂಟಿಕೊಂಡ ಹಾಗೆ ಇತ್ತು. ಗೂಡ್ಸು ಗಾಡಿ ಬಂದರೆ ಮೇಷ್ಟ್ರು ಪಾಠ ನಿಲ್ಲಿಸಬೇಕಿತ್ತು. ಚರಿತ್ರೆ ಮೇಷ್ಟ್ರು ರಾಜನನ್ನು ಕುದುರೆಯ ಮೇಲೆ, ಎತ್ತಿದ ಕತ್ತಿಯ ಸಮೇತ ಹಾಗೇ ನಿಲ್ಲಿಸಿ, ಕೊನೆಯ ಬೋಗಿ ದಾಟಿದ ಮೇಲೆ ಕತ್ತಿ ಇಳಿಸುತ್ತಿದ್ದರು. ಆ ಸದ್ದಿನ ನಡುವೆ ನಮಗೆ ಸಿಗುತ್ತಿದ್ದ ಸ್ವಾತಂತ್ರ್ಯವನ್ನು ಏನು ಹೇಳಲಿ! ಬೇಕಾದ್ದು ಕಿರುಚಬಹುದಿತ್ತು, ಯಾರಿಗೂ ಕೇಳುತ್ತಿರಲಿಲ್ಲ. ನಾನು ಗಣಿತದ ಮೇಷ್ಟ್ರನ್ನು ಬಾಯಿತುಂಬ ಬೈದದ್ದು ಅಂಥ ಒಂದು ಗೂಡ್ಸು ಗಾಡಿಯ ಹೊತ್ತಿನಲ್ಲೇ. ಗಾಡಿ ನಾನೆಣಿಸಿದ್ದಕ್ಕಿಂತ ಗಿಡ್ಡದಾಗಿತ್ತು, ಬೈಗುಳದ ಬಾಲ ಅವರಿಗೆ ಕೇಳಿಸಿತು. ಬೆಂಚಿನ ಮೇಲೆ ನಿಂತೆ, ಆದರೆ ಬಾಯಿ ಮುಚ್ಚಲಿಲ್ಲ. ಹುಣಸೆಹಣ್ಣಿಗೆ ಉಪ್ಪು ಮೆಣಸಿನಕಾಯಿ ಕುಟ್ಟಿ ಕಡ್ಡಿಗೆ ಮೆತ್ತಿಕೊಂಡು, ಮುದ್ದೆ ತಂದವರು ಚಪಾತಿ ತಂದವರ ಹತ್ತಿರ ಬದಲಾಯಿಸಿಕೊಂಡು, ಮಾತಾಡಿ ಮಾತಾಡಿಯೇ ನಾವು ಹತ್ತನೇ ಕ್ಲಾಸು ದಾಟಿದ್ದು.

ಮಗಳ ಶಾಲೆಯ ವಿಷಯವನ್ನು ನಾನು ಮೊದಲು ರೈಲಿನಲ್ಲಿ ಇಟ್ಟೆ. ಒಂದು ವಾರ ನಮ್ಮ ಬೋಗಿ ಕೋರ್ಟಾಯಿತು. ಒಬ್ಬರು ಒಂದು ಶಾಲೆಯ ಆಟದ ಮೈದಾನ ಹೊಗಳಿದರು, ಇನ್ನೊಬ್ಬರು ಇನ್ನೊಂದರ ಬಿಸಿಯೂಟದ ಸಾಂಬಾರು. ಮೊಟ್ಟೆ ದೊಡ್ಡದು ಕೊಡುವ ಶಾಲೆ ಯಾವುದು ಎಂಬುದರ ಮೇಲೆ ಕೋರಮಂಡಲ್ ಸ್ಟೇಷನ್ನಿನಿಂದ ಬಂಗಾರಪೇಟೆಯವರೆಗೆ ವಾದ ನಡೆಯಿತು. ಮೊಟ್ಟೆ ಇಡುವುದು ಕೋಳಿ, ಶಾಲೆಯಲ್ಲ ಎಂದು ಯಾರೋ ಹೇಳಿದ ಮೇಲೆ ನಿಂತಿತು. ಮಕ್ಕಳು ಮಾತಾಡುವ ಶಾಲೆ ಯಾವುದು ಎಂದು ನಾನು ಕೇಳಿದಾಗ ಎಲ್ಲರೂ ನಕ್ಕರು. ರತ್ನಮ್ಮ ನಗಲಿಲ್ಲ. ಊಟದ ಬೆಲ್ಲಾದ ಮೇಲೆ ಕಾಂಪೌಂಡಿನ ಆಚೆ ಓಗಿ ನಿಂತ್ಕೊ, ಒಳಕ್ಕೋದ್ರೆ ತೋರಿಸ್ತಾರೆ, ಒರಗೆ ನಿಂತ್ರೆ ಕೇಳ್ತದೆ ಎಂದರು. ಅದೇ ನನ್ನ ಶಾಲಾ ಪರೀಕ್ಷೆಯ ವಿಧಾನವಾಯಿತು.

ಮೊದಲು ಹೋದದ್ದು ಅಣ್ಣನ ಜೊತೆ ನಮ್ಮದೇ ಹಳೆಯ ಶಾಲೆಗೆ. ಈಗ ಅದು ಹಳಿಯಿಂದ ದೂರ, ಹೊಸ ಕಟ್ಟಡದಲ್ಲಿದೆ. ಬಣ್ಣ ಬಳಿದಿದ್ದಾರೆ, ಟೈಲ್ಸ್ ಹಾಕಿದ್ದಾರೆ, ಹೆಚ್ಚು ಅಂಕ ತೆಗೆದ ಮಕ್ಕಳ ಫೋಟೋಗಳು ಸಾಲಾಗಿ ನಗುತ್ತಿವೆ. ನಾನು ಹೊರಗೆ ನಿಂತೆ. ಊಟದ ಬೆಲ್ಲಾಯಿತು. ಕಾದೆ. ಬೆಲ್ಲು ಕೆಟ್ಟಿತೇನೋ, ಮಕ್ಕಳಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಇಣುಕಿದರೆ ಮಕ್ಕಳೆಲ್ಲ ಸಾಲಾಗಿ ಕೂತು ತಟ್ಟೆ ನೋಡುತ್ತ ಊಟ ಮಾಡುತ್ತಿದ್ದರು. ನಡುವೆ ಒಬ್ಬ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಾಡುತ್ತಿದ್ದರು. ಅಣ್ಣನಿಗೆ ಆನಂದವೋ ಆನಂದ.

“ನೋಡ್ದೇನೇ, ಎಂಗವ್ರೆ ಮಕ್ಳು. ಒಂದು ಸೊಲ್ಲಿಲ್ಲ. ಇಂಗಿರ್ಬೇಕು ಸ್ಕೂಲು ಅಂದ್ರೆ.”

ಶಾಲೆಯಲ್ಲಿ ಕೊರತೆಯೇನೂ ಇರಲಿಲ್ಲ. ಮೇಷ್ಟ್ರುಗಳು ಒಳ್ಳೆಯವರು, ಪಾಠ ಚೆನ್ನಾಗಿ ಮಾಡುತ್ತಾರೆಂದು ಊರೇ ಹೇಳುತ್ತದೆ. ಬೇರೆ ಯಾವ ಮಗುವಾದರೂ ಅಲ್ಲಿಂದ ಫೋಟೋ ಆಗಿ ಗೋಡೆ ಹತ್ತುತ್ತಿತ್ತು. ನನ್ನ ಮಗಳು ಮಾತ್ರ ಅಲ್ಲಿ ಬಹಳ ಸುಖವಾಗಿ, ಬಹಳ ಶಿಸ್ತಾಗಿ, ಹತ್ತನೇ ಕ್ಲಾಸಿನವರೆಗೂ ಒಂದು ಮಾತಾಡದೆ ಇದ್ದುಬಿಡುತ್ತಿದ್ದಳು. ಬೇಡಣ್ಣ ಎಂದೆ. ಅಣ್ಣ ಅವತ್ತು ಪಾನಿಪೂರಿ ಕೊಡಿಸಲಿಲ್ಲ.

ಎರಡನೆಯದು ರಾಬರ್ಟ್‌ಸನ್‌ಪೇಟೆಯ ಒಂದು ಶಾಲೆ. ಅಲ್ಲಿ ಬೀದಿಯ ತಿರುವಿಗೇ ಗಲಾಟೆ ಕೇಳಿ ನನಗೆ ಸಂತೋಷವಾಯಿತು. ಹತ್ತಿರ ಹೋದ ಮೇಲೆ ಕಿವಿ ಸರಿಯಾಗಿ ಕೊಟ್ಟು ಕೇಳಿದರೆ ಎಲ್ಲ ಮೇಷ್ಟ್ರುಗಳ ದನಿ. ಒಬ್ಬರು ಈ ಕೋಣೆಯಿಂದ ಬೈದರೆ ಇನ್ನೊಬ್ಬರು ಆ ಕೋಣೆಯಿಂದ. ಮಕ್ಕಳದ್ದು ಒಂದು ಕೆಮ್ಮು ಕೂಡ ಇಲ್ಲ. ಹೀಗೆ ಇನ್ನೂ ಒಂದೆರಡು ಶಾಲೆಗಳ ಗೋಡೆ ಸವೆಸಿದೆ. ಒಂದು ಕಡೆ ನನ್ನನ್ನು ಅಡುಗೆಯವಳೆಂದು ತಿಳಿದು, ತಡ ಯಾಕಮ್ಮ, ಬೇಳೆ ಬೇಯಬೇಕು ಬಾ ಎಂದು ಒಳಗೆ ಕರೆದರು. ಬೇಳೆ ಹಾಕಿ ಬರುವ ಮನಸ್ಸಾಯಿತು, ರೈಲಿಗೆ ಹೊತ್ತಾಗಿತ್ತು.

ಕೊನೆಗೆ ಉಳಿದದ್ದು ನಮ್ಮ ಲೈನಿನ ಹಿಂದಿನ ಸರ್ಕಾರಿ ಹೈಸ್ಕೂಲು. ಮನೆಗೆ ಅಷ್ಟು ಹತ್ತಿರ ಇದ್ದದ್ದರಿಂದಲೇ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗಣಿ ಕಂಪನಿ ಕಾಲದ ಕಟ್ಟಡ, ಕಲ್ಲಿನ ಗೋಡೆ, ತಗಡಿನ ಮಾಡು, ಹಿಂದೆಯೇ ಬೂದಿ ಗುಡ್ಡ. ಗಾಳಿ ಕಾಲದಲ್ಲಿ ಒಂದು ಕಡೆಯ ಕಿಟಕಿಗಳನ್ನು ತೆಗೆಯುವುದೇ ಇಲ್ಲ. ಬೆಲ್ಲು ಅಂದರೆ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದ ಒಂದು ಉಕ್ಕಿನ ಸರಳು, ಬೇವಿನ ಮರಕ್ಕೆ ನೇತುಹಾಕಿದ್ದಾರೆ. ಮಕ್ಕಳೂ ಕಡಿಮೆ. ನಾನು ಗೋಡೆಯ ಹತ್ತಿರ ಹೋಗುವಾಗ ಒಳಗೆ ಪಾಠ ನಡೆಯುತ್ತಿತ್ತು. ಗಲಾಟೆಯಂತೂ ಇತ್ತು, ಆದರೆ ಅದು ನಾನು ಹಿಂದೆಂದೂ ಕೇಳದ ಥರದ್ದು. ಒಂದು ಹೆಂಗಸಿನ ದನಿ ಕನ್ನಡದಲ್ಲಿ ಏನೋ ಹೇಳಿ ನಿಲ್ಲುತ್ತಿತ್ತು. ತಕ್ಷಣ ಒಂದು ಮಗುವಿನ ದನಿ ಅದನ್ನು ತಮಿಳಿನಲ್ಲಿ ಹೇಳುತ್ತಿತ್ತು. ಅದರ ಹಿಂದೆಯೇ ಇನ್ನೊಂದು ದನಿ ತೆಲುಗಿನಲ್ಲಿ. ಕೊನೆಗೆ ಹಿಂದಿನ ಬೆಂಚಿನಿಂದ ಗೊತ್ತಾಯಿತು ಎಂಬ ಅರ್ಥದ ಒಂದು ಕೂಗು ಬರುತ್ತಿತ್ತು. ಆಮೇಲೆ ಮೇಡಂ ಮುಂದಿನ ಮಾತಿಗೆ ಹೋಗುತ್ತಿದ್ದರು.

ನನ್ನ ನಿಯಮ ಮುರಿದು ಒಳಗೆ ಹೋದೆ. ಪಾಠ ಮಾಡುತ್ತಿದ್ದವರು ಹೆಡ್‌ಮಿಸ್ಸೇ. ವಿಜಯಲಕ್ಷ್ಮಿ ಮೇಡಂ ಎಂದು ಹೆಸರು, ಚಿಂತಾಮಣಿ ಕಡೆಯವರು. ಇದೇನು ಮೇಡಂ ಎಂದು ಕೇಳಿದೆ. ಇಲ್ಲಿಗೆ ಬಂದ ಹೊಸದರಲ್ಲಿ ತಮ್ಮ ಪಾಠ ಅರ್ಧ ಕ್ಲಾಸಿಗೆ ಹೋಗುತ್ತಲೇ ಇರಲಿಲ್ಲವಂತೆ. ಮನೆಯಲ್ಲಿ ತಮಿಳು ಆಡುವ ಮಕ್ಕಳು, ಗಡಿ ಕಡೆಯ ತೆಲುಗು ಮಕ್ಕಳು ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದರಂತೆ. ಒಂದು ದಿನ ಒಬ್ಬ ಹುಡುಗಿ ಪಕ್ಕದವಳಿಗೆ ಪಾಠವನ್ನು ಗುಟ್ಟಾಗಿ ತಮಿಳಿನಲ್ಲಿ ಹೇಳಿಕೊಡುವುದು ಕಂಡಿತು. ಬೈಯಲು ಹೋದವರು, ಬೈಯದೆ, ಎದ್ದು ನಿಂತು ಎಲ್ಲರಿಗೂ ಹೇಳು ಎಂದರಂತೆ. ಅವತ್ತಿನಿಂದ ಪ್ರತಿ ಕ್ಲಾಸಿನಲ್ಲೂ ‘ದಾಟಿಸೋ ಮಕ್ಕಳು’ ಇದ್ದಾರೆ. ಬರೆಯುವುದು ಕನ್ನಡದಲ್ಲೇ, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ತಲೆಗೆ ಹೋಗುವ ದಾರಿ ಯಾವುದಾದರೂ ಆಗಬಹುದು.

ಮನೆಗೆ ಬಂದು ಅತ್ತೆಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಗಣಿಯೊಳಗೆ ಹೀಗೇ ಅಲ್ಲವಾ ನಡೆಯುತ್ತಿದ್ದದ್ದು ಎಂದರು. ಮೇಲಿನವನು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರೆ ಅದು ಬಾಯಿಂದ ಬಾಯಿಗೆ ಭಾಷೆ ಬದಲಾಯಿಸುತ್ತ ಕತ್ತಲಲ್ಲಿ ಕೊನೆಯ ಆಳಿನವರೆಗೆ ಹೋಗುತ್ತಿತ್ತಂತೆ. ನಮ್ಮ ಮಾವ ಆ ಸಾಲಿನಲ್ಲಿ ನಡುವಿನವರು. ನಡುವಿನವನು ಬಾಯಿ ಮುಚ್ಚಿದರೆ ಆ ಕಡೆಯವರ ತಲೆಯ ಮೇಲೆ ಬಂಡೆ. ಅದಕ್ಕೇ ಮಾವನಿಗೆ ಅಷ್ಟು ದೊಡ್ಡ ಗಂಟಲು ಎಂದು ಅತ್ತೆ ಹೇಳಿದರು. ನಾನು ಮದುವೆಯಾಗಿ ಬಂದಾಗ, ಕಿವುಡು ಇರಬೇಕು, ಅದಕ್ಕೇ ಹೀಗೆ ಕೂಗುತ್ತಾರೆ ಎಂದುಕೊಂಡಿದ್ದೆ.

ಪವಿತ್ರಳನ್ನು ಅಲ್ಲಿಗೇ ಸೇರಿಸಿದೆ. ಅಣ್ಣನಿಗೆ ಸಿಟ್ಟು ಬಂತು. ತಗಡಿನ ಮಾಡು, ಬೆರಳೆಣಿಕೆ ಮಕ್ಕಳು, ಯಾವಾಗ ಮುಚ್ಚುತ್ತಾರೋ ಗೊತ್ತಿಲ್ಲ, ಅಂಥ ಕಡೆ ಒಬ್ಬಳೇ ಸೋದರಸೊಸೆಯನ್ನು ಹಾಕಿದ್ದೀಯಲ್ಲ ಎಂದು ಫೋನಿನಲ್ಲೇ ರೇಗಿದ. ಒಂದು ವರ್ಷ ನೋಡುತ್ತೇನೆ, ಅಷ್ಟರೊಳಗೆ ಹುಡುಗಿ ಬಾಯಿಬಿಡದಿದ್ದರೆ ನಾನೇ ಬಂದು ಬಂಗಾರಪೇಟೆಗೆ ಕರೆದುಕೊಂಡು ಹೋಗುತ್ತೇನೆ ಎಂದ. ನಾನು ಆಗಲಿ ಎಂದುಬಿಟ್ಟೆ. ಹೇಳಿದ ಮೇಲೆ ಭಯವಾಯಿತು. ಯಾಕೆಂದರೆ ಹೊಸ ಶಾಲೆಗೆ ಹೋದ ಮೇಲೂ ಹುಡುಗಿ ತುಟಿ ಎರಡು ಮಾಡಿರಲಿಲ್ಲ.

ಮೇಡಂ ಅವಳನ್ನು ಕೂರಿಸಿದ್ದು ನಡುಬೆಂಚಿನಲ್ಲಿ. ಮುಂದಿನವಳು ತಮಿಳಿನಲ್ಲಿ ಹೇಳಿದ್ದನ್ನು ಇವಳು ತೆಲುಗು ಮಾಡಿ ಹಿಂದಕ್ಕೆ ಕೊಡಬೇಕು. ಮೊದಲ ದಿನ ಪಾಠ ಇವಳ ಹತ್ತಿರ ಬಂದು ನಿಂತಿತಂತೆ. ಯಾರೂ ಬೈಯಲಿಲ್ಲವಂತೆ, ಇವಳ ಬದಲು ನೀನು ಹೇಳು ಎಂದು ಬೇರೆಯವರನ್ನು ಎಬ್ಬಿಸಲೂ ಇಲ್ಲವಂತೆ. ಇಡೀ ಕ್ಲಾಸು ಕಾದು ಕೂತಿತಂತೆ. ಹಿಂದಿನ ಬೆಂಚಿನವರು ಮಾತ್ರ, ಏನಂತೆ, ಏನಂತೆ ಎಂದು ಜಡೆ ಎಳೆದರಂತೆ. ಎಷ್ಟೋ ದಿನ ಹೀಗೆ ನಡೆಯಿತು ಎಂದು ಮೇಡಂ ಆಮೇಲೆ ಹೇಳಿದರು. ಒಂದು ದಿನ ಪಿಸುಗುಟ್ಟಿದಳಂತೆ. ಕೇಳಿಸಲಿಲ್ಲ ಎಂದು ಹಿಂದಿನವರು ಗಲಾಟೆ ಮಾಡಿದರಂತೆ.

ನಮಗೆ ಮನೆಯಲ್ಲಿ ಗೊತ್ತಾದದ್ದು ಒಂದು ಸಂಜೆ. ನಾನು ರೈಲಿಳಿದು ಬಂದಾಗ ಒಳಗೆ ಅವಳ ದನಿ ಕೇಳಿತು. ಅವಳು ಅಜ್ಜಿಗೆ ತೆಲುಗಿನಲ್ಲಿ, ಎಲೆ ಬಿಸಿಲನ್ನು ಹಿಡಿದು ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ ಎಂದು ಹೇಳುತ್ತಿದ್ದಳು. ಎಲೆ ಅನ್ನ ಬೇಯಿಸುತ್ತದಾ, ಒಲೆ ಎಲ್ಲಿದೆ ಎಂದು ಅತ್ತೆ ಕೇಳುತ್ತಿದ್ದರು. ನಾನು ಚಪ್ಪಲಿ ಬಿಡದೆ ಹೊಸ್ತಿಲಿನಲ್ಲೇ ನಿಂತೆ. ಒಳಗೆ ಹೋದರೆ ಮಾತು ನಿಂತುಹೋಗುತ್ತದೆಂದು ಹೆದರಿ, ಕತ್ತಲಾಗುವವರೆಗೂ ಅಲ್ಲೇ ಇದ್ದೆ. ಆದರೂ ಅದು ಮನೆಯ ಮಾತು. ಹೊರಗೆ, ಹೊಸಬರ ಎದುರಿಗೆ ಅವಳು ಇನ್ನೂ ತಲೆ ಆಡಿಸುವವಳೇ. ಅಂಗಡಿಗೆ ಕಳಿಸಿದರೆ ಬೇಕಾದದ್ದನ್ನು ಬೆರಳಿನಿಂದ ತೋರಿಸಿ ತರುತ್ತಿದ್ದಳು.

ಅಣ್ಣನ ಒಂದು ವರ್ಷ ಮುಗಿಯುತ್ತ ಬಂತು. ಶಾಲೆಯಲ್ಲಿ ಪೋಷಕರ ಸಭೆ ಕರೆದರು. ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಬರುವವರಿದ್ದರು. ಅಣ್ಣ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದ. ಕೈ ಕಟ್ಟಿ ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂತ. ತಗಡಿನ ಮಾಡು ನೋಡಿದ, ಮುಚ್ಚಿದ ಕಿಟಕಿ ನೋಡಿದ, ನನ್ನನ್ನು ನೋಡಿದ.

ಇಂಥ ಸಭೆಗಳಲ್ಲೂ ಅಲ್ಲಿ ದಾಟಿಸುವ ಪದ್ಧತಿಯೇ. ಹತ್ತನೇ ಕ್ಲಾಸಿನ ಜಾನ್ಸಿ ಎಂಬ ಹುಡುಗಿ ಆ ಕೆಲಸದಲ್ಲಿ ಪಳಗಿದವಳು. ಅವತ್ತು ಅವಳಿಗೆ ಜ್ವರ. ಅಧಿಕಾರಿಯವರು ವಯಸ್ಸಾದ ಸೌಮ್ಯ ಮನುಷ್ಯ. ಎದ್ದು ನಿಂತು, ಪುಸ್ತಕದ ಕನ್ನಡದಲ್ಲಿ, ಪೋಷಕರ ಸಹಭಾಗಿತ್ವ, ಗುಣಾತ್ಮಕ ಶಿಕ್ಷಣ ಎಂದೆಲ್ಲ ಶುರುಮಾಡಿದರು. ಕೂಲಿ ಬಿಟ್ಟು ಬಂದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಮೇಡಂ ಮಕ್ಕಳ ಕಡೆ ತಿರುಗಿ, ಯಾರು ದಾಟಿಸುತ್ತೀರಿ ಎಂದು ಕೇಳಿದರು. ಯಾರೂ ಏಳಲಿಲ್ಲ. ಆಮೇಲೆ ನಡುವಿನಿಂದ ಒಂದು ಜಡೆ ಎದ್ದಿತು. ಅದು ನಾನು ಬೆಳಗ್ಗೆ ಹೆಣೆದ ಜಡೆ.

ಅಣ್ಣ ಕಟ್ಟಿದ ಕೈ ಬಿಚ್ಚಿದ. ಪವಿತ್ರ ಮುಂದೆ ಹೋಗಿ ನೆಲ ನೋಡಿದಳು. ಆಮೇಲೆ, ನೀವು ಮನೆಯಲ್ಲೂ ಮಕ್ಕಳ ಓದು ವಿಚಾರಿಸಬೇಕು, ಆಗ ಶಾಲೆ ಚೆನ್ನಾಗಾಗುತ್ತದೆ ಅಂತ ಸಾರ್ ಹೇಳುತ್ತಿದ್ದಾರೆ ಎಂದು ತಮಿಳಿನಲ್ಲಿ ಹೇಳಿದಳು. ಅದನ್ನೇ ತೆಲುಗಿನಲ್ಲೂ ಹೇಳಿದಳು. ದನಿ ನಡುಗುತ್ತಿತ್ತು, ಆದರೂ ಕೊನೆಯ ಸಾಲಿಗೆ ಬರುತ್ತಿತ್ತು. ಅಧಿಕಾರಿಯವರು ಅಷ್ಟುದ್ದ ಹೇಳಿದ್ದನ್ನು ಅವಳು ಅಷ್ಟೇ ಅಷ್ಟರಲ್ಲಿ ಮುಗಿಸಿದ್ದು ಕಂಡು ಅವರಿಗೂ ನಗು ಬಂತು. ಮುಂದೆ ಅವರೂ ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳತೊಡಗಿದರು.

ಅವರು ಮುಗಿಸಿ, ನಿಮ್ಮ ಕಡೆಯಿಂದ ಏನಾದರೂ ಇದೆಯಾ ಎಂದು ಕೇಳಿದರು. ನಮ್ಮ ಲೈನಿನ ಪೊನ್ನಮ್ಮ ಪಾಟಿ ಎದ್ದಳು. ಪಾಟಿ ಅಂದರೆ ಅಜ್ಜಿ. ಅವಳ ಮೊಮ್ಮಗಳು ಅಲ್ಲೇ ಒಂಬತ್ತನೇ ಕ್ಲಾಸಿನಲ್ಲಿ ಓದುತ್ತಾಳೆ. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯಲ್ಲಿ ನೀರಿಲ್ಲ, ಮೋಟಾರು ಕೆಟ್ಟು ಕೂತಿದೆ, ಹುಡುಗಿಯರು ಮನೆಗೆ ಓಡಿ ಬರುತ್ತಾರೆ, ಬಂದವರು ಕೆಲವರು ಮತ್ತೆ ಹೋಗುವುದಿಲ್ಲ ಎಂದು ತಮಿಳಿನಲ್ಲಿ ಗುಡುಗಿದಳು. ಪವಿತ್ರ ಅದನ್ನು ಕನ್ನಡಕ್ಕೆ ತಂದಳು. ಮಾತು ಮಾತ್ರವಲ್ಲ, ಗುಡುಗನ್ನೂ ತಂದಳು. ಇಷ್ಟು ದಿನ ಮನೆಗೆ ಓಡಿ ಬರುತ್ತಿದ್ದವರಲ್ಲಿ ಅವಳೂ ಒಬ್ಬಳು ಎಂದು ನನಗೆ ಆಗ ಹೊಳೆಯಿತು.

ಅಧಿಕಾರಿಯವರು, ಆಗಲಿ, ನೋಡೋಣ, ಕ್ರಮ ತೆಗೆದುಕೊಳ್ಳೋಣ ಎಂದರು. ಪವಿತ್ರ ದಾಟಿಸಿದಳು. ಪಾಟಿ ಕೂರಲಿಲ್ಲ. ‘ಎಂದ ನಾಳ್?’ ಎಂದು ಕೇಳಿದಳು. ಯಾವ ದಿನ ಅಂತ ಕೇಳುತ್ತಿದ್ದಾರೆ ಸಾರ್ ಎಂದು ಪವಿತ್ರ ಅಧಿಕಾರಿಯ ಕಡೆ ತಿರುಗಿದಳು. ಅವರು, ಆದಷ್ಟು ಬೇಗ, ಖಂಡಿತ ಮಾಡಿಸೋಣ, ಅಜ್ಜಿಗೆ ಹೇಳಮ್ಮ ಎಂದರು. ಪವಿತ್ರ ಹೇಳಲಿಲ್ಲ.

ಎಲ್ಲರೂ ಕಾಯುತ್ತಿದ್ದರು. ಅವಳು ತುಟಿ ಬಿಗಿಹಿಡಿದು ನಿಂತಿದ್ದಳು. ಆ ನಿಲುವು ನನಗೆ ಚೆನ್ನಾಗಿ ಗೊತ್ತಿತ್ತು. ಮುಗಿಯಿತು, ಬಾಯಿ ಕಟ್ಟಿತು ಎಂದುಕೊಂಡೆ. ಓಡಿಹೋಗಿ ಅವಳನ್ನು ಕರೆದುಕೊಂಡು ಬಂದುಬಿಡೋಣ ಎಂದು ಎದ್ದೆ. ಅಷ್ಟರಲ್ಲಿ ಅವಳು ತಲೆಯೆತ್ತಿದಳು.

“ಪಾಟಿ ಕೇಳಿದ್ದು ದಿನ ಸಾರ್. ದಿನ ಹೇಳಿ, ಆಮೇಲೆ ದಾಟಿಸ್ತೀನಿ.”

ಇಷ್ಟು ಹೇಳಿ ಅಲ್ಲೇ ನಿಂತಳು. ಮೇಡಂ ಅವಳನ್ನು ಕೂರಿಸಲಿಲ್ಲ. ಅಣ್ಣ ನನ್ನ ಮೊಣಕೈ ಹಿಡಿದುಕೊಂಡು, ಮೋಟಾರು ಕೆಟ್ಟಿದ್ರೆ ನಾನೇ ನೋಡ್ತೀನಿ ಎಂದು ಗೊಣಗಿದ. ಅವನ ಕಣ್ಣು ತುಂಬಿತ್ತು. ಅಧಿಕಾರಿಯವರು ಕನ್ನಡಕ ತೆಗೆದು ಒರೆಸಿಕೊಂಡು, ಈ ಹುಡುಗಿಯನ್ನು ಮತ್ತೆ ಒಮ್ಮೆ ನೋಡಿ, ಜೇಬಿನಿಂದ ಫೋನು ತೆಗೆದು ಯಾರ ಹತ್ತಿರವೋ ಮಾತಾಡಿದರು. ಆಮೇಲೆ ಸೋಮವಾರ ಎಂದರು. ನಿಜ ಹೇಳಬೇಕೆಂದರೆ ಮೋಟಾರು ಬಂದದ್ದು ಮಂಗಳವಾರ. ಆ ಒಂದು ದಿನಕ್ಕೆ ಪಾಟಿ ಇವತ್ತಿಗೂ ಅವರನ್ನು ಬೈಯುತ್ತಾಳೆ. ನಲ್ಲಿಯಲ್ಲಿ ಮಾತ್ರ ಇವತ್ತಿಗೂ ನೀರು ಬರುತ್ತಿದೆ.

ಪವಿತ್ರ ಜನರ ಕಡೆ ತಿರುಗಿ ಸೋಮವಾರ ಎಂದು ತಮಿಳಿನಲ್ಲಿ ಕೂಗಿದಳು. ಹೌದು, ಕೂಗಿದಳು. ತೆಲುಗಿನಲ್ಲಿ ಕೂಗಿದಳು, ಕನ್ನಡದಲ್ಲಿ ಕೂಗಿದಳು. ಹೆಂಗಸರು ಚಪ್ಪಾಳೆ ಹೊಡೆದರು, ಮಕ್ಕಳು ಬೆಂಚು ಬಡಿದರು, ಆ ತಗಡಿನ ಮಾಡು ಇಷ್ಟು ವರ್ಷ ಇಟ್ಟುಕೊಂಡಿದ್ದ ಬೂದಿ ಮಣ್ಣೆಲ್ಲ ನಮ್ಮ ತಲೆಯ ಮೇಲೆ ಉದುರಿತು. ಅಣ್ಣನ ಬಿಳಿ ಶರ್ಟು ಹಾಳಾಯಿತು, ಅವನು ಕೊಡವಿಕೊಳ್ಳಲೂ ಇಲ್ಲ. ನಾನು ಎದ್ದವಳು ಎದ್ದೇ ಇದ್ದೆ. ಕೂರುವುದು ಹೇಗೆಂದು ಮರೆತುಹೋಗಿತ್ತು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಎರಡೂ ಕೈ ಚಪ್ಪಾಳೆಯಲ್ಲಿದ್ದವು.

ಅಷ್ಟು ಜನರ ನಡುವೆ ಅವಳು ನನ್ನನ್ನು ನೋಡಿದಳು. ಹೀಗೆ ನಿಂತು ಅಳುತ್ತಿರುವ ಅಮ್ಮನಿಗೆ ಮೂರು ಭಾಷೆಯಲ್ಲಿ ಹೇಳಿದ್ದೂ ತಲುಪಲಿಲ್ಲವೇನೋ ಅನ್ನಿಸಿರಬೇಕು. ಅಲ್ಲಿಂದಲೇ, ಎಲ್ಲರ ತಲೆಯ ಮೇಲಿಂದ, ಅವಳ ತಾತನ ಗಂಟಲಿನಲ್ಲಿ ಕರೆದಳು.

“ಅಮ್ಮಾ, ಸೋಮವಾರವಂತೆ. ಕೇಳಿಸ್ತಾ?”

“ಕೇಳಿಸ್ತು ಕಣೇ,” ಎಂದೆ. “ಊರಿಗಾಮಿಗೆಲ್ಲ ಕೇಳಿಸ್ತು.”